ಬೆಂಗಳೂರಿಗೆ ಎರಡು ಕೊಡಿ: ಒಂದು ಟಿಕೆಟ್ ಕೌಂಟರಿನ ಪ್ರಕರಣ

ಈ ಪ್ರಕರಣ ಹಾಸನ ಜಿಲ್ಲೆಯದು. ನಿಲ್ದಾಣ ಯಾವುದು, ಕೌಂಟರಿನಲ್ಲಿ ಕೂತಿದ್ದವರು ಯಾರು ಎಂಬುದನ್ನು ಬರೆದಿಲ್ಲ. ಪ್ರಯಾಣ ಮಾಡಿದ ದಂಪತಿಯ ಒಪ್ಪಿಗೆ ಪಡೆದು, ಅವರ ಗುರುತು ಹತ್ತುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾವು ಕೆಲವರು ಸೇರಿ ಇಲ್ಲಿ ರೈಲು ಪ್ರಯಾಣಿಕರಿಗೆ ಅರ್ಜಿ, ದೂರು ಬರೆದುಕೊಡುತ್ತೇವೆ. ನಮ್ಮ ಹತ್ತಿರ ಬರುವವರಲ್ಲಿ ಹೆಚ್ಚಿನವರು ರಿಸರ್ವೇಶನ್ ಇಲ್ಲದೆ, ಹೊರಡುವ ಹೊತ್ತಿಗೆ ನಿಲ್ದಾಣಕ್ಕೆ ಬಂದು ಟಿಕೆಟ್ ತೆಗೆಸುವವರು. ಅವರು ಕಳೆದುಕೊಂಡಿರುವುದು ನೂರಿನ್ನೂರು ರೂಪಾಯಿ, ಆದರೆ ಅವಮಾನವಾಯಿತೆಂಬ ನೋವು ತಿಂಗಳುಗಟ್ಟಲೆ ಹೋಗುವುದಿಲ್ಲ. ಈ ದಂಪತಿಯದೂ ಹಾಗೇ ಶುರುವಾಯಿತು. ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ: ಎರಡೂ ಕಡೆಯವರ ಮಾತನ್ನು ಕೂತು ಕೇಳುವ ಅವಕಾಶ ನಮಗೆ ಸಿಕ್ಕಿತು. ಹಾಗೆ ಸಿಗುವುದು ಅಪರೂಪ.

ಹಿನ್ನೆಲೆ

ದಂಪತಿಯಲ್ಲಿ ಗಂಡ ನಿವೃತ್ತ ಪ್ರೈಮರಿ ಸ್ಕೂಲ್ ಮೇಷ್ಟ್ರು. ಇಲ್ಲೂ ಮೇಷ್ಟ್ರು ಎಂದೇ ಕರೆಯುತ್ತೇನೆ. ಅವರ ಮನೆಯವರನ್ನು ಊರಿನಲ್ಲಿ ಎಲ್ಲರೂ ಅಮ್ಮ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಇಬ್ಬರಿಗೂ ಅರವತ್ತೈದು ದಾಟಿದೆ. ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು, ಮರುದಿನ ಬೆಳಗ್ಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ತಪಾಸಣೆ. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಅಮ್ಮ ದುಡ್ಡು ಕೊಡಬೇಕಾಗಿಲ್ಲ. ಆದರೂ ಅಷ್ಟು ದೂರ ಬಸ್ಸಿನಲ್ಲಿ ಕೂತರೆ ಮೇಷ್ಟ್ರಿಗೆ ಸೊಂಟ ಹಿಡಿಯುತ್ತದೆ. ರೈಲಾದರೆ ಎದ್ದು ಓಡಾಡಬಹುದು, ಬಚ್ಚಲು ಇರುತ್ತದೆ ಎಂದು ಅದನ್ನೇ ಆರಿಸಿಕೊಂಡರು. ಬೆಂಗಳೂರಿನಲ್ಲಿರುವ ಅಳಿಯ ಫೋನಿನಲ್ಲಿ ಹೇಳಿದ್ದ: ‘ಮಧ್ಯಾಹ್ನದ ಗಾಡಿಗೆ ಅರಸೀಕೆರೆಗೆ ಬಂದುಬಿಡಿ ಮಾವ. ಅಲ್ಲಿ ಸಾಯಂಕಾಲ ಬೆಂಗಳೂರಿಗೆ ಒಂದರ ಹಿಂದೆ ಒಂದು ಗಾಡಿ ಇದಾವೆ.’

ಹಾಸನದ ಕಡೆಯವರಿಗೆ ರೈಲಿನಲ್ಲಿ ಬೆಂಗಳೂರಿಗೆ ಹೋಗಲು ಒಂದೇ ದಾರಿಯಲ್ಲ ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಶ್ರವಣಬೆಳಗೊಳ, ಕುಣಿಗಲ್, ನೆಲಮಂಗಲದ ಮೇಲೆ ಹೋಗುವ ನೇರ ಮಾರ್ಗ ಪೂರ್ತಿಯಾಗಿ ತೆರೆದದ್ದು 2017ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ಅರಸೀಕೆರೆಗೆ ಹೋಗಿ, ಹುಬ್ಬಳ್ಳಿ ಅಥವಾ ಶಿವಮೊಗ್ಗ ಕಡೆಯಿಂದ ಬರುವ ಗಾಡಿ ಹಿಡಿದು ತಿಪಟೂರು, ತುಮಕೂರಿನ ಮೇಲೆ ಹೋಗುವುದೇ ರೂಢಿ. ಇಲ್ಲವಾದರೆ ಹೊಳೆನರಸೀಪುರದ ಮೇಲೆ ಮೈಸೂರಿಗೆ ಹೋಗಿ ಅಲ್ಲಿಂದ ಸುತ್ತಬೇಕಿತ್ತು. ಮೇಷ್ಟ್ರ ವಯಸ್ಸಿನವರಿಗೆ ರೈಲಿನಲ್ಲಿ ಬೆಂಗಳೂರು ಎಂದರೆ ಇವತ್ತಿಗೂ ಅರಸೀಕೆರೆಯೇ. ಕೌಂಟರಿನ ಕಂಪ್ಯೂಟರಿಗೆ ಹಾಗಲ್ಲ. ಆ ನಿಲ್ದಾಣದಿಂದ ಕುಣಿಗಲ್ ದಾರಿಯೇ ಹತ್ತಿರ. ಬೇರೆ ಹೇಳದಿದ್ದರೆ ಗುಮಾಸ್ತರು ಅದನ್ನೇ ಒತ್ತುತ್ತಾರೆ. ಗಿರಾಕಿಯ ತಲೆಯಲ್ಲಿ ಒಂದು ದಾರಿ, ಯಂತ್ರದಲ್ಲಿ ಇನ್ನೊಂದು ದಾರಿ. ಪ್ರಕರಣದ ಬೇರು ಇದೇ ಎಂದು ನಮಗೆ ಗೊತ್ತಾಗುವ ಹೊತ್ತಿಗೆ ಎಲ್ಲ ಮುಗಿದಿತ್ತು.

ರಿಸರ್ವೇಶನ್ ಇಲ್ಲದ ಟಿಕೆಟ್ ಎಂದರೆ ಎಲ್ಲಿಂದ ಎಲ್ಲಿಗೆ ಎಂಬುದಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ಅದರ ಮೇಲೆ ಇನ್ನೆರಡು ಸಂಗತಿ ಇರುತ್ತವೆ. ಯಾವ ಊರಿನ ಮೇಲೆ ಹೋಗಬೇಕು ಎಂಬುದು ನಿಲ್ದಾಣಗಳ ಇಂಗ್ಲಿಷ್ ಸಂಕೇತಾಕ್ಷರದಲ್ಲಿ ಅಚ್ಚಾಗಿರುತ್ತದೆ: ಅರಸೀಕೆರೆಗೆ ಎಎಸ್‌ಕೆ, ತುಮಕೂರಿಗೆ ಟಿಕೆ. ಇನ್ನೊಂದು, ಯಾವ ದರ್ಜೆಯ ಗಾಡಿ ಎಂಬುದು: ಸಾದಾ ಪ್ಯಾಸೆಂಜರ್, ಎಕ್ಸ್‌ಪ್ರೆಸ್, ಸೂಪರ್‌ಫಾಸ್ಟ್. ಪ್ಯಾಸೆಂಜರಿಗೆ ಕನಿಷ್ಠ ದರ 10 ರೂಪಾಯಿಯಾದರೆ ಎಕ್ಸ್‌ಪ್ರೆಸ್ಸಿಗೆ 30. ಸೂಪರ್‌ಫಾಸ್ಟ್ ಆದರೆ ಎಕ್ಸ್‌ಪ್ರೆಸ್ ದರದ ಮೇಲೆ ಸೆಕೆಂಡ್ ಕ್ಲಾಸಿಗೆ ತಲಾ 15 ರೂಪಾಯಿ ಹೆಚ್ಚು. ಗಾಡಿಯ ನಂಬರು 12, 20 ಅಥವಾ 22ರಿಂದ ಶುರುವಾದರೆ ಅದು ಸೂಪರ್‌ಫಾಸ್ಟ್. ಅರಸೀಕೆರೆಯ ಮೇಲೆ ಹೋಗುವ ಧಾರವಾಡ–ಬೆಂಗಳೂರು ಸಿದ್ಧಗಂಗಾ ಅಂಥದ್ದು, ಯಶವಂತಪುರ–ಹಾಸನ ಇಂಟರ್‌ಸಿಟಿಯೂ ಅಂಥದ್ದೇ.

ಕೌಂಟರಿನ ಮುಂದೆ

ಗಾಡಿಗೆ ಇನ್ನೂ ಮುಕ್ಕಾಲು ಗಂಟೆ ಇದ್ದಾಗ ಇಬ್ಬರೂ ನಿಲ್ದಾಣ ತಲುಪಿದರು. ಎರಡು ಕೌಂಟರುಗಳಲ್ಲಿ ಒಂದಕ್ಕೆ ಪರದೆ ಎಳೆದಿತ್ತು. ತೆರೆದಿದ್ದ ಕೌಂಟರಿನಲ್ಲೇ ರಿಸರ್ವೇಶನ್ನೂ ನಡೆಯುತ್ತಿತ್ತು, ಮುಂದೆ ಉದ್ದನೆಯ ಲೈನು. ಮುಂದಿದ್ದ ಹುಡುಗನೊಬ್ಬ ಮದುವೆ ಮನೆಯ ಎಂಟು ಜನಕ್ಕೆ ರಿಸರ್ವೇಶನ್ ಫಾರಂ ಕೊಟ್ಟು, ಹೆಸರು ವಯಸ್ಸು ತಿದ್ದಿಸುತ್ತ ನಿಂತುಬಿಟ್ಟ. ಹಿಂದಿನವರೆಲ್ಲ ಗೊಣಗಲು ಶುರುಮಾಡಿದರು.

ಮೇಷ್ಟ್ರ ಸರದಿ ಬಂದಾಗ ಅವರು ಐನೂರರ ನೋಟನ್ನು ಒಳಗೆ ಸರಿಸಿ ‘ಬೆಂಗಳೂರಿಗೆ ಎರಡು ಕೊಡಿ’ ಎಂದರು. ಒಳಗಿದ್ದ ಯುವಕ, ಕನ್ನಡದವರೇ, ‘ಯಾವ ಗಾಡಿಗೆ ಯಜಮಾನ್ರೇ?’ ಎಂದು ಕೇಳಿದರು. ಇದನ್ನು ಮೇಷ್ಟ್ರೂ ಒಪ್ಪುತ್ತಾರೆ. ಮೇಷ್ಟ್ರ ಉತ್ತರ: ‘ಯಾವ್ದಾದ್ರೂ ಸರಿ, ಬೆಂಗಳೂರಿಗೆ. ಸೀನಿಯರ್ ಸಿಟಿಜನ್ ಹಾಕಿ, ಇಬ್ರಿಗೂ.’

ಮಾತು ದಾರಿ ತಪ್ಪಿದ್ದು ಇಲ್ಲಿ. ಹಿರಿಯ ನಾಗರಿಕರಿಗಿದ್ದ ರಿಯಾಯಿತಿ, ಗಂಡಸರಿಗೆ ಶೇಕಡಾ 40, ಹೆಂಗಸರಿಗೆ ಶೇಕಡಾ 50, ಕೊರೊನಾ ಬಂದಾಗ 2020ರ ಮಾರ್ಚ್ 20ರಿಂದ ನಿಂತಿತು. ಆಮೇಲೆ ಅದನ್ನು ಮತ್ತೆ ಕೊಡಲಿಲ್ಲ. ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ, ಅವರು ರೈಲು ಹತ್ತಿಯೇ ಬಹಳ ವರ್ಷವಾಗಿತ್ತು. ಗುಮಾಸ್ತರು ‘ಅದೆಲ್ಲ ನಿಂತು ಎಷ್ಟೋ ವರ್ಷ ಆಯ್ತು’ ಎಂದರು. ದಿನಕ್ಕೆ ಹತ್ತು ಸಲ ಹೇಳುವ ಮಾತು, ದನಿಯಲ್ಲಿ ಬೇಸರವಿತ್ತು. ಮೇಷ್ಟ್ರಿಗೆ ಅದು ತಿರಸ್ಕಾರದ ಹಾಗೆ ಕೇಳಿಸಿತು. ‘ಯಾರು ನಿಲ್ಲಿಸಿದ್ದು? ಆರ್ಡರ್ ತೋರ್ಸಿ’ ಎಂದರು. ಹಿಂದಿನವರು ‘ಬೇಗ ಬಿಡಿ ಸಾರ್, ಗಾಡಿ ಬರುತ್ತೆ’ ಎಂದು ಕೂಗಿದರು. ಚಿಲ್ಲರೆಯ ಮಾತು ಬಂತು, ಚಿಲ್ಲರೆ ಇಲ್ಲವೆಂದಾಯಿತು. ಅಮ್ಮ ಸೆರಗಿನ ಗಂಟು ಬಿಚ್ಚಿ ಹತ್ತಿಪ್ಪತ್ತರ ನೋಟು ಕೂಡಿಸಿ ಕೊಟ್ಟರು. ಈ ಗಲಾಟೆಯಲ್ಲಿ, ಯಾವ ಗಾಡಿ ಎಂಬ ಪ್ರಶ್ನೆಗೆ ಬರಬೇಕಿದ್ದ ಉತ್ತರ ಬರಲೇ ಇಲ್ಲ, ಗುಮಾಸ್ತರೂ ಮತ್ತೆ ಕೇಳಲಿಲ್ಲ. ಟಿಕೆಟ್ ಕುಣಿಗಲ್ ಮೇಲೆ ಅಚ್ಚಾಗಿ ಹೊರಗೆ ಬಂತು. ಮೇಷ್ಟ್ರು ಅದನ್ನು ನೋಡದೆ ಜೇಬಿಗಿಟ್ಟರು.

ಪ್ಲಾಟ್‌ಫಾರಮ್ಮಿನ ಬೆಂಚಿನಲ್ಲಿ ಪಕ್ಕಕ್ಕೆ ಕೂತಿದ್ದ ಕಾಲೇಜು ಹುಡುಗಿ, ಅಮ್ಮನ ಜೊತೆ ಮಾತಾಡುತ್ತ ಟಿಕೆಟ್ ನೋಡಿ, ‘ಅಜ್ಜಿ, ನೀವು ಅರಸೀಕೆರೆ ಗಾಡಿಗೆ ಕಾಯ್ತಿದೀರಲ್ಲ, ಇದು ಕುಣಿಗಲ್ ಮೇಲೆ ಹೋಗೋ ಟಿಕೆಟ್ಟು’ ಎಂದಳು. ಗಾಡಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.

ಮತ್ತೆ ಕೌಂಟರಿಗೆ

ಮೇಷ್ಟ್ರು ಲೈನು ಬಿಟ್ಟು ನೇರ ಮುಂದೆ ಹೋಗಿ ಟಿಕೆಟನ್ನು ಗಾಜಿಗೆ ಒತ್ತಿ ಹಿಡಿದರು. ‘ತಪ್ಪು ಟಿಕೆಟ್ ಕೊಟ್ಟಿದೀರಿ.’ ಒಳಗಿನಿಂದ ‘ನೀವು ಹೇಳ್ಲಿಲ್ಲ’ ಎಂದು ಉತ್ತರ. ‘ಕೇಳೋದು ನಿಮ್ ಕೆಲ್ಸ.’ ‘ಕೇಳ್ದೆ, ಯಾವ್ದಾದ್ರೂ ಸರಿ ಅಂದ್ರಿ.’ ಮೇಷ್ಟ್ರು ಹೆಸರು ಕೇಳಿದರು, ಗುಮಾಸ್ತರು ಹೇಳಲಿಲ್ಲ. ಕಂಪ್ಲೇಂಟ್ ಬುಕ್ ಕೇಳಿದರು, ಸ್ಟೇಷನ್ ಮಾಸ್ಟರ್ ಹತ್ತಿರ ಹೋಗಿ ಎಂದಾಯಿತು. ಲೈನಿನಲ್ಲಿದ್ದ ಇಬ್ಬರು ಮೇಷ್ಟ್ರ ಪರ, ಉಳಿದವರು ಅವರ ವಿರುದ್ಧ. ಮೇಷ್ಟ್ರು ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಪಾಠ ಹೇಳಿದವರು, ದನಿ ದೊಡ್ಡದು. ಅಷ್ಟು ಜನರ ಎದುರು ತನಗೆ ಬುದ್ಧಿ ಹೇಳಿಸಿಕೊಳ್ಳುವ ಗತಿ ಬಂತಲ್ಲ ಎಂದು ಆಮೇಲೆ ನಮ್ಮೆದುರು ಹೇಳುವಾಗಲೂ ಅವರ ಕೈ ನಡುಗುತ್ತಿತ್ತು. ಅವರ ನೋವು ನಿಜವಾದದ್ದು. ಅದನ್ನು ಹಗುರವಾಗಿ ತೆಗೆದುಕೊಳ್ಳುವುದು ನನ್ನಿಂದ ಆಗಲಿಲ್ಲ.

ಒಳಗೆ ಕೂತವರಿಗೆ ಇರುವ ಕಟ್ಟುಪಾಡು ಹೊರಗೆ ನಿಂತವರಿಗೆ ಕಾಣುವುದಿಲ್ಲ, ಅದನ್ನೂ ಹೇಳಬೇಕು. ಅಚ್ಚಾದ ಪ್ರತಿ ಟಿಕೆಟಿಗೂ ಆ ಪಾಳಿಯ ಗುಮಾಸ್ತರು ಲೆಕ್ಕ ಒಪ್ಪಿಸಬೇಕು. ಪಾಳಿ ಮುಗಿದಾಗ ಹಣ ಕಡಿಮೆ ಬಿದ್ದರೆ ಕೈಯಿಂದ ಕಟ್ಟಬೇಕು. ಕೆಲಸಕ್ಕೆ ಕೂರುವ ಮುಂಚೆ ತಮ್ಮ ಸ್ವಂತ ಜೇಬಿನಲ್ಲಿ ಎಷ್ಟಿದೆ ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ವಿಜಿಲೆನ್ಸ್‌ನವರು ಬಂದು ಎಣಿಸಿದಾಗ ಹೆಚ್ಚು ಇದ್ದರೂ ತಪ್ಪು, ಕಡಿಮೆ ಇದ್ದರೂ ತಪ್ಪು. ಚಿಲ್ಲರೆ ಇಲ್ಲದಾಗ ‘ನಿಮ್ಮ ಜೇಬಿನಿಂದ ಕೊಡಿ, ಏನಾಗುತ್ತೆ’ ಎಂದು ಜನ ಕೇಳುತ್ತಾರೆ. ಏನಾಗುತ್ತದೆ ಎಂದರೆ ಇದು. ಕೊಟ್ಟುಬಿಟ್ಟ ಟಿಕೆಟನ್ನು ವಾಪಸ್ ಪಡೆದು ಸುಮ್ಮನೆ ಇನ್ನೊಂದು ಕೊಡಲು ಅವರಿಗೆ ಬರುವುದಿಲ್ಲ. ಅದನ್ನು ರದ್ದು ಎಂದು ದಾಖಲಿಸಬೇಕು, ರದ್ದಿಗೆ ತಲಾ 30 ರೂಪಾಯಿ ಕಡಿತವಾಗುತ್ತದೆ. ಮೇಷ್ಟ್ರು ಕೂಗುತ್ತಿದ್ದದ್ದು ತಪ್ಪು ಯಾರದು ಎಂಬುದರ ಬಗ್ಗೆ. ಗುಮಾಸ್ತರ ಕೈಯಲ್ಲಿದ್ದದ್ದು ರದ್ದು ಮಾಡುವುದೊಂದೇ, ಆದರೆ ಅದನ್ನು ಯಾರೂ ಕೇಳಲಿಲ್ಲ. ಕೇಳದೆ ಅವರೂ ಹೇಳಲಿಲ್ಲ. ಅಷ್ಟು ಹೊತ್ತಿಗೆ ಅವರಿಗೂ ಸಿಟ್ಟು ಬಂದಿತ್ತು.

ಅಮ್ಮ ಎದ್ದು ಬಂದರು. ಮೇಷ್ಟ್ರನ್ನು ‘ನೀವೊಂದ್ ನಿಮಿಷ ಇರೀಂದ್ರೆ’ ಎಂದು ಪಕ್ಕಕ್ಕೆ ನಿಲ್ಲಿಸಿ, ಲೈನಿನಲ್ಲಿ ಮುಂದಿದ್ದ ಹೆಂಗಸಿನ ಹತ್ತಿರ ‘ಒಂದ್ ಮಾತು ಕೇಳ್ಕೊಂಡ್ ಹೋಗ್ತೀನಿ ಕಣವ್ವ’ ಎಂದು ಅನುಮತಿ ಪಡೆದು, ಕೌಂಟರಿಗೆ ಬಾಗಿದರು. ‘ಏನಪ್ಪಾ, ನಾವು ಅರಸೀಕೆರೆ ಮೇಲೆ ಹೋಗ್ಬೇಕು. ನನಗೆ ಕಣ್ಣು ಸರಿಯಾಗಿ ಕಾಣಲ್ಲ. ಈಗ ಏನ್ ಮಾಡಿದ್ರೆ ಆಗುತ್ತೆ ಹೇಳಪ್ಪಾ.’

ಗುಮಾಸ್ತರು ತಲೆಯೆತ್ತಿ ನೋಡಿದರು. ‘ಮೂರು ಗಂಟೆ ಒಳಗೆ ಆದ್ರೆ ಕ್ಯಾನ್ಸಲ್ ಮಾಡ್ಬಹುದು ಅಮ್ಮ. ಒಬ್ರಿಗೆ ಮೂವತ್ತು ಹೋಗುತ್ತೆ. ಮಿಕ್ಕಿದ್ದು ಕೊಟ್ಟು ಅರಸೀಕೆರೆ ಮೇಲೆ ಹೊಸದು ಕೊಡ್ತೀನಿ’ ಎಂದು ತಾವೇ ಮುಂದಿನ ಮಾತನ್ನೂ ಕೇಳಿದರು: ‘ಅಲ್ಲಿಂದ ಯಾವ ಗಾಡಿ ಹಿಡೀತೀರಿ? ಸೂಪರ್‌ಫಾಸ್ಟ್ ಆದ್ರೆ ಹದಿನೈದು ಸೇರಿಸ್ಬೇಕು.’

ಇಡೀ ಪ್ರಕರಣದಲ್ಲಿ ಕೌಂಟರಿನಿಂದ ಬಂದ ಅತ್ಯಂತ ಉಪಯುಕ್ತ ಮಾತು ಅದು. ಆದರೆ ಉತ್ತರ ಕೊಟ್ಟವರು ಹಿಂದೆ ನಿಂತಿದ್ದ ಮೇಷ್ಟ್ರು. ಅರವತ್ತು ರೂಪಾಯಿ ಆಗಲೇ ಹೋಯಿತು, ಇನ್ನೂ ಮೂವತ್ತು ಕೀಳಲು ನೋಡುತ್ತಿದ್ದಾನೆ ಎಂದು ಅವರಿಗೆ ಅನ್ನಿಸಿತು. ‘ಸೂಪರ್‌ಫಾಸ್ಟ್ ಗೀಪರ್‌ಫಾಸ್ಟ್ ಬೇಡ, ಎಕ್ಸ್‌ಪ್ರೆಸ್ಸೇ ಕೊಡಿ’ ಎಂದರು. ಟಿಕೆಟ್ ಹಾಗೇ ಬಂತು.

ಅರಸೀಕೆರೆಯಲ್ಲಿ

ಅರಸೀಕೆರೆಗೆ ಗಾಡಿ ಹೊತ್ತಿಗೆ ಸರಿಯಾಗಿ ತಲುಪಿತು. ಇವರು ಹತ್ತಬೇಕಿದ್ದ ಎಕ್ಸ್‌ಪ್ರೆಸ್ ಎರಡು ಗಂಟೆ ತಡ ಎಂದು ಮೈಕಿನಲ್ಲಿ ಹೇಳಿದರು. ಅಷ್ಟರಲ್ಲಿ ಸೂಪರ್‌ಫಾಸ್ಟ್ ಒಂದು ಬಂದು ನಿಂತಿತು. ಜನರಲ್ ಬೋಗಿಯಲ್ಲಿ ಜಾಗವೂ ಇತ್ತು. ಕತ್ತಲಾದರೆ ಅಮ್ಮನಿಗೆ ಮೆಟ್ಟಿಲು ಕಾಣುವುದಿಲ್ಲ. ಮೇಷ್ಟ್ರು ಹತ್ತಿಸಿಯೇಬಿಟ್ಟರು. ಅವರ ಜಾಗದಲ್ಲಿ ಯಾರಿದ್ದರೂ ಹತ್ತುತ್ತಿದ್ದರು, ಅದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ.

ಆದರೆ ಆ ಐದಾರು ನಿಮಿಷದಲ್ಲಿ ಎರಡು ದಾರಿ ತೆರೆದಿದ್ದವು. ಸಮಯವಿದ್ದರೆ ಅಲ್ಲಿನ ಕೌಂಟರಿನಲ್ಲಿ ಸೂಪರ್‌ಫಾಸ್ಟ್ ಹೆಚ್ಚುವರಿಯನ್ನು ಮಾತ್ರ ಕಟ್ಟಿ ಚೀಟಿ ಪಡೆಯಬಹುದಿತ್ತು. ಸಮಯವಿಲ್ಲದಿದ್ದರೆ ಹತ್ತುವ ಮುಂಚೆ ಟಿಸಿಯನ್ನೋ ಗಾರ್ಡನ್ನೋ ಕಂಡು, ‘ನಮ್ಮ ಹತ್ತಿರ ಎಕ್ಸ್‌ಪ್ರೆಸ್ ಟಿಕೆಟ್ ಇದೆ, ಈ ಗಾಡಿಗೆ ಹತ್ತಬೇಕು, ವ್ಯತ್ಯಾಸ ಕಟ್ಟುತ್ತೇವೆ’ ಎಂದು ಹೇಳಬಹುದಿತ್ತು. 1989ರ ರೈಲ್ವೆ ಕಾಯ್ದೆಯ 55ನೇ ಸೆಕ್ಷನ್ನಿನಲ್ಲಿ ಹೀಗೆ ಮೊದಲೇ ಅನುಮತಿ ಪಡೆದವರಿಗೆ ಪ್ರಮಾಣಪತ್ರ ಕೊಡುವ ಏರ್ಪಾಡು ಇದೆ. ಅದು ಕೈಯಲ್ಲಿದ್ದರೆ ದರ ಮಾತ್ರ ಕೊಟ್ಟರೆ ಸಾಕು, ದಂಡವಿಲ್ಲ ಎಂದು 138ನೇ ಸೆಕ್ಷನ್ ಹೇಳುತ್ತದೆ. ನಮ್ಮ ಭಾಗದ ಜನರಿಗೆ ಈ ಸೌಲಭ್ಯ ಇದೆಯೆಂಬುದೇ ಗೊತ್ತಿಲ್ಲ. ಟಿಸಿ ಎಂದರೆ ತಪ್ಪಿಸಿಕೊಳ್ಳಬೇಕಾದ ಮನುಷ್ಯ ಎಂದೇ ನಾವು ಚಿಕ್ಕಂದಿನಿಂದ ಕಲಿತಿರುತ್ತೇವೆ.

ತಿಪಟೂರು ದಾಟಿದ ಮೇಲೆ ಟಿಸಿ ಬಂದರು. ವ್ಯತ್ಯಾಸ ಹದಿನೈದು, ಅದರ ಮೇಲೆ ಹೆಚ್ಚುವರಿ ದಂಡ. ದಂಡ ಎಂದರೆ ವ್ಯತ್ಯಾಸದಷ್ಟೇ ಮೊತ್ತ ಅಥವಾ 250 ರೂಪಾಯಿ, ಯಾವುದು ಹೆಚ್ಚೋ ಅದು. ತಲಾ 265, ಇಬ್ಬರಿಗೆ 530. ಮೇಷ್ಟ್ರು ಮತ್ತೆ ವಾದಕ್ಕೆ ನಿಂತರು: ಕೌಂಟರಿನವನು ಮೋಸ ಮಾಡಿದ್ದಾನೆ, ಅವನನ್ನು ಕೇಳಿ. ಟಿಸಿ ಕೂಗಲಿಲ್ಲ, ‘ಹತ್ತೋಕೆ ಮುಂಚೆ ನನ್ನ ಹತ್ರ ಒಂದ್ ಮಾತು ಹೇಳಿದ್ರೆ ಇಷ್ಟು ಆಗ್ತಿರ್ಲಿಲ್ಲ’ ಎಂದರು. ಅಮ್ಮ ಆಸ್ಪತ್ರೆಗೆಂದು ತೆಗೆದಿಟ್ಟ ದುಡ್ಡಿನಿಂದ ಎಣಿಸಿ ಕೊಟ್ಟು, ರಸೀದಿ ಕೇಳಿ ಪಡೆದರು. ರಸೀದಿ ಪಡೆದದ್ದರಿಂದಲೇ ನಮಗೆ ಈ ಪ್ರಕರಣದ ಲೆಕ್ಕ ಕೈಗೆ ಸಿಕ್ಕಿತು.

ದೂರು

ಅಳಿಯ ಅದೇ ರಾತ್ರಿ ಸಿಟ್ಟಿನಲ್ಲಿ ಫೋನಿನಿಂದ ದೂರು ಕಳಿಸಿದ್ದ. ಸಿಬ್ಬಂದಿ ಒರಟು, ವಯಸ್ಸಾದವರಿಗೆ ಮೋಸ ಮಾಡಿದರು, ಕ್ರಮ ಕೈಗೊಳ್ಳಿ ಎಂದಿಷ್ಟೇ. ಗಾಡಿ ಯಾವುದು, ಟಿಕೆಟಿನ ನಂಬರ್ ಏನು, ಕೌಂಟರಿನಲ್ಲಿ ಏನು ಕೇಳಿದ್ದರು, ಏನು ಬೇಕಾಗಿತ್ತು, ಒಂದೂ ಇರಲಿಲ್ಲ. ಸಿಬ್ಬಂದಿಗೆ ತಿಳಿಹೇಳಲಾಗಿದೆ ಎಂಬ ಉತ್ತರ ಬಂದು ದೂರು ಮುಗಿಯಿತು. ಅಂಥ ದೂರಿಗೆ ಬೇರೆ ಉತ್ತರ ಕೊಡುವುದು ಯಾರಿಗೂ ಕಷ್ಟ.

ಆಸ್ಪತ್ರೆಯ ಕೆಲಸ ಮುಗಿಸಿ ಊರಿಗೆ ಬಂದ ಮೇಷ್ಟ್ರು ನಮ್ಮ ಹತ್ತಿರ ಬಂದರು. ಆ ಹುಡುಗನನ್ನು ಎತ್ತಂಗಡಿ ಮಾಡಿಸಬೇಕು, ರದ್ದಿಗೆ ಹೋದ 60, ಟಿಸಿಗೆ ಕಟ್ಟಿದ 530 ಸೇರಿ 590 ರೂಪಾಯಿ ವಾಪಸ್ ಬರಬೇಕು, ಇವೆರಡೇ ಅವರ ಬೇಡಿಕೆ. ನಾವು ಮೊದಲು ಮಾಡಿದ ಕೆಲಸ, ನಡೆದದ್ದನ್ನೆಲ್ಲ ಹೊತ್ತಿನ ಕ್ರಮದಲ್ಲಿ ಅವರ ಬಾಯಿಂದಲೇ ಹೇಳಿಸಿ ಬರೆದುಕೊಂಡದ್ದು. ಅಮ್ಮನನ್ನೂ ಬೇರೆಯಾಗಿ ಕೇಳಿದೆವು. ಬರೆದು ಮುಗಿಸುವ ಹೊತ್ತಿಗೆ ಮೇಷ್ಟ್ರೇ ಸುಮ್ಮನಾಗಿದ್ದರು. ರಿಯಾಯಿತಿ ಇಲ್ಲವೆಂದದ್ದು ನಿಯಮ. ಯಾವ ಗಾಡಿ ಎಂದು ಗುಮಾಸ್ತರು ಕೇಳಿದ್ದರು. ಸೂಪರ್‌ಫಾಸ್ಟ್ ಬಗ್ಗೆ ಎಚ್ಚರಿಸಿದ್ದರು. ಒರಟುತನದ ಮಾತು ನಿಜವಾದರೂ ಅದು ಎರಡೂ ಕಡೆಯಿಂದ ಬಂದಿತ್ತು. ಶಿಕ್ಷೆಯ ದೂರಾಗಿ ಕಳಿಸಿದರೆ ಇದು ನಿಲ್ಲುವುದಿಲ್ಲ, ನಿಲ್ಲಲೂಬಾರದು ಎಂದು ನಾನು ಹೇಳಿದೆ. ಬಳಗದ ಇನ್ನೊಬ್ಬರು ಒಪ್ಪಲಿಲ್ಲ. ದೂರು ಕೊಡದಿದ್ದರೆ ಕೌಂಟರಿನವರು ಬದಲಾಗುವುದೇ ಇಲ್ಲ ಎಂಬುದು ಅವರ ವಾದ, ಅದಕ್ಕೆ ಅವರ ಅನುಭವದಲ್ಲಿ ಆಧಾರವೂ ಇತ್ತು.

ಕೊನೆಗೆ ಹಿಡಿದ ದಾರಿ ಬೇರೆ. ಇಡೀ ಘಟನೆಯಲ್ಲಿ ಕಾಯ್ದೆಯ ಬಲ ನಮ್ಮ ಕಡೆಗಿದ್ದ ಅಂಶ ಒಂದೇ. ನಿಲ್ದಾಣದಲ್ಲಿ ನಿಲ್ಲುವ ಗಾಡಿಗಳ ವೇಳಾಪಟ್ಟಿ ಮತ್ತು ಅಗತ್ಯವೆನಿಸಿದ ಊರುಗಳ ದರಪಟ್ಟಿಯನ್ನು ಹಿಂದಿ, ಇಂಗ್ಲಿಷ್ ಜೊತೆಗೆ ಆ ಪ್ರದೇಶದ ಭಾಷೆಯಲ್ಲೂ ಜನರಿಗೆ ಕಾಣುವ ಜಾಗದಲ್ಲಿ ಹಾಕಬೇಕೆಂದು ಅದೇ ಕಾಯ್ದೆಯ 49ನೇ ಸೆಕ್ಷನ್ ಹೇಳುತ್ತದೆ. ನಾವು ಹೋಗಿ ನೋಡಿದಾಗ ಹಳೆಯ ದರಪಟ್ಟಿಯ ಬಣ್ಣ ಮಾಸಿತ್ತು. ಬೆಂಗಳೂರಿಗೆ ಎರಡು ದಾರಿ ಇದೆ, ದರ ಬೇರೆ ಬೇರೆ ಎಂದು ಎಲ್ಲೂ ಇರಲಿಲ್ಲ. ಸೂಪರ್‌ಫಾಸ್ಟ್ ಯಾವುದು ಎಂದೂ ಇರಲಿಲ್ಲ. ಇದನ್ನೇ ಮುಂದಿಟ್ಟು ಬುಕಿಂಗ್ ಸೂಪರ್‌ವೈಸರ್ ಹೆಸರಿಗೆ ಒಂದು ಪುಟದ ಅರ್ಜಿ ಬರೆದೆವು. ಗುಮಾಸ್ತರ ನಡತೆಯ ಬಗ್ಗೆ ಒಂದು ಸಾಲು ಮಾತ್ರ: ಮಾತು ಒರಟಾಯಿತು, ಅದಕ್ಕೆ ಈ ಗೊಂದಲವೂ ಕಾರಣ ಎಂದು. ಮೇಷ್ಟ್ರು ಸಹಿ ಹಾಕಲು ಎರಡು ದಿನ ತೆಗೆದುಕೊಂಡರು.

ಸೂಪರ್‌ವೈಸರ್ ಕರೆಸಿ ಮಾತಾಡಿಸಿದರು. ಹಣ ವಾಪಸ್ ಕೊಡಲು ಬರುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಪಾಳಿ ಮುಗಿಸಿ ಹೊರಟಿದ್ದ ಗುಮಾಸ್ತರನ್ನೂ ಕೂರಿಸಿಕೊಂಡರು. ಆತ ಹೇಳಿದ ಒಂದು ಮಾತು ನಮಗೆ ಯಾರಿಗೂ ಹೊಳೆದಿರಲಿಲ್ಲ: ‘ಸಾರ್, ಬೆಂಗಳೂರು ಅಂತ ಕೇಳೋರಲ್ಲಿ ಹೆಚ್ಚಿನವ್ರು ಪ್ಲಾಟ್‌ಫಾರಂಗೆ ಮೊದ್ಲು ಬರೋ ಗಾಡಿ ನೋಡಿ ಹತ್ತೋರು. ಯಾವ ಗಾಡಿ ಅಂತ ಕೇಳಿದ್ರೆ ನನಗೇನ್ ಗೊತ್ತು ಅಂತ ನನ್ನ ಮೇಲೇ ರೇಗ್ತಾರೆ. ಹಂಗಾಗಿ ಎರಡ್ನೇ ಸಲ ಕೇಳೋದು ಬಿಟ್ಟಿದ್ದೆ.’ ಮೇಷ್ಟ್ರು ಅದಕ್ಕೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ‘ಯಾವ ಗಾಡಿ ಅಂತ ಕೇಳ್ಬೇಡಿ, ಅರಸೀಕೆರೆ ಮೇಲೋ ಕುಣಿಗಲ್ ಮೇಲೋ ಅಂತ ಕೇಳಿ. ಅದಾದ್ರೆ ನಮ್ಮಂಥವ್ರಿಗೆ ಗೊತ್ತಾಗುತ್ತೆ’ ಎಂದರು.

ಹೊರಬಂದ ಫಲ ಅದು. ಕೆಲವು ದಿನಗಳಲ್ಲಿ ಕೌಂಟರಿನ ಗಾಜಿನ ಮೇಲೆ ಕನ್ನಡದಲ್ಲಿ ಕೈಬರಹದ ಹಾಳೆ ಬಂತು. ಬೆಂಗಳೂರಿಗೆ ಹೋಗುವವರು ಯಾವ ಊರಿನ ಮೇಲೆ ಎಂದು ಹೇಳಬೇಕು, ಈ ಈ ಗಾಡಿಗಳು ಸೂಪರ್‌ಫಾಸ್ಟ್, ಟಿಕೆಟ್ ನೋಡಿಕೊಂಡು ಕೌಂಟರ್ ಬಿಡಿ. ಬಣ್ಣದ ಫಲಕ ಮಾಡಿಸಲು ಮೇಲಕ್ಕೆ ಬರೆದಿದ್ದೇವೆ ಎಂದು ಸೂಪರ್‌ವೈಸರ್ ಹೇಳಿದ್ದಾರೆ.

ಈ ಪ್ರಕರಣ ಕಲಿಸಿದ್ದು

ನಿರ್ಧಾರಗಳ ಲೆಕ್ಕದಲ್ಲಿ ನೋಡಿದರೆ, ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುವುದು ದಂಡ ಬಿದ್ದ ಕ್ಷಣವಲ್ಲ, ಎರಡನೇ ಟಿಕೆಟ್ ತೆಗೆಸಿದ ಕ್ಷಣ. ಮೊದಲನೆಯ ಸಲ ಮಾಹಿತಿಯೇ ಇರಲಿಲ್ಲ. ಎರಡನೆಯ ಸಲ ಗುಮಾಸ್ತರೇ ಸರಿಯಾದ ಪ್ರಶ್ನೆ ಕೇಳಿದರು, ಆದರೆ ಹಿಂದಿನ ಸಿಟ್ಟು ಅದನ್ನು ಇನ್ನೊಂದು ಮೋಸದ ಹಾಗೆ ಕೇಳಿಸಿತು. ಆ ಹೊತ್ತಿನಲ್ಲಿ ಮೂವತ್ತು ರೂಪಾಯಿ ಹೆಚ್ಚು ಕೊಟ್ಟಿದ್ದರೆ ಎಕ್ಸ್‌ಪ್ರೆಸ್ಸಾದರೂ ಸೂಪರ್‌ಫಾಸ್ಟಾದರೂ ಹತ್ತಬಹುದಿತ್ತು. ಸೂಪರ್‌ಫಾಸ್ಟ್ ಟಿಕೆಟ್ ಇಟ್ಟುಕೊಂಡು ಎಕ್ಸ್‌ಪ್ರೆಸ್ ಹತ್ತಲು ಅಡ್ಡಿಯಿಲ್ಲ, ಎಕ್ಸ್‌ಪ್ರೆಸ್ ಟಿಕೆಟ್ ಇಟ್ಟುಕೊಂಡು ಸೂಪರ್‌ಫಾಸ್ಟ್ ಹತ್ತಿದರೆ ದಂಡ. ಗಾಡಿ ಬದಲಿಸಬೇಕಾದ ಪ್ರಯಾಣದಲ್ಲಿ, ಮುಂದಿನ ಗಾಡಿ ಯಾವುದು ಸಿಗುತ್ತದೋ ಹೇಳಲು ಬಾರದಿದ್ದಾಗ, ಆ ಹದಿನೈದನ್ನು ಮೊದಲೇ ಕಟ್ಟಿಬಿಡಿ ಎಂದು ನಾವು ಈಗ ಎಲ್ಲರಿಗೂ ಹೇಳುತ್ತೇವೆ.

ಅಮ್ಮ ಕೇಳಿದ ಪ್ರಶ್ನೆಯ ರೀತಿಯನ್ನೂ ನಮ್ಮ ಹೊಸಬರಿಗೆ ಹೇಳಿಕೊಡುತ್ತೇವೆ. ತಪ್ಪು ಯಾರದು ಎಂದು ಅವರು ಕೇಳಲಿಲ್ಲ, ಈಗ ಏನು ಮಾಡಬಹುದು ಎಂದು ಕೇಳಿದರು. ಮೊದಲನೆಯದಕ್ಕೆ ಉತ್ತರ ಕೊಟ್ಟರೆ ಒಳಗಿದ್ದವರು ತಮ್ಮ ಕುತ್ತಿಗೆಗೆ ತಾವೇ ಹಗ್ಗ ಹಾಕಿಕೊಂಡ ಹಾಗೆ. ಎರಡನೆಯದಕ್ಕೆ ನಿಯಮವೇ ಉತ್ತರ ಕೊಡುತ್ತದೆ. ಸೌಮ್ಯವಾಗಿ ಮಾತಾಡಿ ಎಂಬ ಬುದ್ಧಿವಾದ ಇದಲ್ಲ. ಗಟ್ಟಿಯಾಗಿಯೇ ಕೇಳಿ, ಆದರೆ ಕೊಡಲು ಬರುವಂಥದ್ದನ್ನು ಕೇಳಿ.

ಮೂರು ಗಂಟೆಯ ವಿಷಯದಲ್ಲಿ ಎರಡು ಬೇರೆ ನಿಯಮಗಳನ್ನು ಜನ ಕಲಸುತ್ತಾರೆ. ರದ್ದು ಮಾಡಲು ಟಿಕೆಟ್ ಕೊಟ್ಟ ಮೂರು ಗಂಟೆಯೊಳಗೆ ಬರಬೇಕು. ಅದು ಒಂದು. 199 ಕಿಲೋಮೀಟರ್‌ವರೆಗಿನ ಟಿಕೆಟಿಗೆ ಪ್ರಯಾಣವನ್ನೂ ಮೂರು ಗಂಟೆಯೊಳಗೆ, ಇಲ್ಲವೇ ಆ ಊರಿಗೆ ಹೋಗುವ ಮೊದಲ ಗಾಡಿ ಹೊರಡುವವರೆಗೆ, ಯಾವುದು ತಡವೋ ಅಷ್ಟರಲ್ಲಿ ಶುರುಮಾಡಬೇಕು. ಇದು 2016ರ ಮಾರ್ಚ್‌ನಿಂದ ಇರುವ ಇನ್ನೊಂದು ನಿಯಮ. 200 ಕಿಲೋಮೀಟರ್ ಮತ್ತು ಅದಕ್ಕೂ ದೂರಕ್ಕಾದರೆ ಮೂರು ದಿನ ಮುಂಚೆಯೇ ತೆಗೆದಿಟ್ಟುಕೊಳ್ಳಬಹುದು. ಬೆಳಗ್ಗೆಯೇ ಟಿಕೆಟ್ ತೆಗೆಸಿಟ್ಟು ಸಂಜೆ ಹೊರಡುವ ಅಭ್ಯಾಸವಿರುವ ನಮ್ಮ ಸುತ್ತಲಿನ ಹಳ್ಳಿಯವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಮೊಬೈಲಿನಲ್ಲಿ ತೆಗೆದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ ಎಂದು ಅಳಿಯ ವಾದಿಸಿದ. ಅರ್ಧ ನಿಜ. 2025ರ ಜುಲೈನಲ್ಲಿ ಬಂದ ರೈಲ್ವೆಯ ರೈಲ್‌ಒನ್ ಆ್ಯಪ್, ಯಾವ ದಾರಿ, ಯಾವ ದರ್ಜೆಯ ಗಾಡಿ ಎಂಬುದನ್ನು ಕಣ್ಣೆದುರೇ ಇಡುತ್ತದೆ. ಕೌಂಟರಿನ ಗಡಿಬಿಡಿಯಲ್ಲಿ ತಪ್ಪಿಹೋದ ಪ್ರಶ್ನೆ ಅಲ್ಲಿ ತಪ್ಪುವುದಿಲ್ಲ. ಆದರೆ ಕಾಗದವಿಲ್ಲದೆ ಮೊಬೈಲಿನಲ್ಲೇ ತೋರಿಸುವ ಟಿಕೆಟನ್ನು ರದ್ದು ಮಾಡಲು ಬರುವುದಿಲ್ಲ. ತಪ್ಪು ದಾರಿ ಒತ್ತಿದ್ದರೆ ಅರವತ್ತಲ್ಲ, ಪೂರ್ತಿ ಹಣವೇ ಹೋಗುತ್ತಿತ್ತು. ಮೇಷ್ಟ್ರ ಹತ್ತಿರ ಇರುವುದು ಗುಂಡಿ ಒತ್ತುವ ಫೋನು, ಅಮ್ಮನಿಗೆ ಕಣ್ಣು ಕಾಣದು. ಹಣ ಕೊಟ್ಟವರಿಗೆ ಟಿಕೆಟ್ ಕೊಡುವುದು ರೈಲ್ವೆಯ ಕರ್ತವ್ಯ ಎಂದು 50ನೇ ಸೆಕ್ಷನ್ ಹೇಳುತ್ತದೆ. ಅಂಥವರಿಗೆ ಆ ಕರ್ತವ್ಯ ನೆರವೇರುವ ಜಾಗ ಕೌಂಟರೊಂದೇ. ಕೌಂಟರುಗಳನ್ನು ಮುಚ್ಚುತ್ತ ಹೋಗುವುದಕ್ಕೆ ಆ್ಯಪ್ ನೆಪವಾಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಬಳಗದಲ್ಲಿ ಒಂದು ವಿಷಯ ಮಾತ್ರ ಇತ್ಯರ್ಥವಾಗಿಲ್ಲ. ಮೊದಲನೆಯ ಸಲ ಉತ್ತರ ಸಿಗದಿದ್ದಾಗ ಗುಮಾಸ್ತರು ಇನ್ನೊಮ್ಮೆ ಕೇಳಬೇಕಿತ್ತೇ? ಅಷ್ಟು ಉದ್ದದ ಲೈನಿಗೆ ಒಬ್ಬರೇ ಕೂತಿದ್ದಾಗ ಅದನ್ನು ಅಪೇಕ್ಷಿಸುವುದು ಅನ್ಯಾಯ ಎನ್ನುವವರಿದ್ದಾರೆ. ಕೇಳಬೇಕಿತ್ತು ಎಂದೇ ನಾನು ಹೇಳುತ್ತೇನೆ, ಎದುರಿಗೆ ವಯಸ್ಸಾದವರಿದ್ದಾಗ ಖಂಡಿತ ಕೇಳಬೇಕಿತ್ತು. ಅದನ್ನು ಕೇಳುವಷ್ಟು ಪುರುಸೊತ್ತು ಅವರಿಗೆ ಸಿಗಬೇಕಾದರೆ ಪರದೆ ಎಳೆದಿರುವ ಎರಡನೆಯ ಕೌಂಟರು ತೆರೆಯಬೇಕು. ನಮ್ಮ ಮುಂದಿನ ಅರ್ಜಿ ಅದಕ್ಕೇ, ಅದರಲ್ಲಿ ಮೊದಲ ಸಹಿ ಮೇಷ್ಟ್ರದು.